ಹುಳುಕು ಹುಡುಕುವ ಡಲ್ಸಿ

ಬೆಳಗಿನ ಐದೂ ಮುಕ್ಕಾಲು. ಗ್ಯಾನೆಟ್ ಕೋವ್ ದ್ವೀಪದ ಅಗ್ನಿಶಾಮಕ ಶೆಡ್ಡಿಗೆ ಅಂಟಿಕೊಂಡ ಎರಡು ಕೋಣೆಗಳ ದವಾಖಾನೆಯಲ್ಲಿ ಡಲ್ಸಿ ಪಾರ್ಡಿ ಉಗಿಪೆಟ್ಟಿಗೆಯ ಬಾಗಿಲು ಬಿಗಿಯುತ್ತಾರೆ. ಗೋಡೆಯ ಆ ಬದಿಗೆ ಊರಿನ ಬೆಂಕಿ ಆರಿಸುವ ಲಾರಿ. ಈ ಬದಿಗೆ ಊರಿನ ಹಲ್ಲುಗಳ ಉರಿ ಆರಿಸುವ ಡಲ್ಸಿ. ಪೆಟ್ಟಿಗೆಯೊಳಗೆ ಪುಟ್ಟ ಕನ್ನಡಿಗಳು, ಕೊಕ್ಕೆಗಳು, ಕೆರೆಯುವ ಕಡ್ಡಿಗಳು ಬೇಯುತ್ತಿವೆ. ಜೊತೆಗೆ, ಮನಸ್ಸಿಲ್ಲದ ಮನಸ್ಸಿನಿಂದ ಪೊಟ್ಟಣ ಕಟ್ಟಿ ಇಟ್ಟ ಐದು ಇಕ್ಕಳಗಳು.

ಇಕ್ಕಳಗಳು ಯಾರಿಗೆಂದು ಮೇಜಿನ ಮೇಲಿನ ಪಟ್ಟಿ ಹೇಳುತ್ತದೆ. ಮೊದಲ ಹೆಸರು ಜೊಡೀನ್ ಫಡ್ಜ್, ವಯಸ್ಸು ಇಪ್ಪತ್ತಮೂರು. ಚಿಕಿತ್ಸೆ: ಮೇಲಿನ ಸಾಲು ಪೂರ್ತಿ, ಹದಿನಾಲ್ಕು ಹಲ್ಲು, ಕೀಳುವುದು. ಕಾರಣ: ಮದುವೆ.

ಬೇರೆ ಊರಿನವರು ಇದನ್ನೋದಿ ನಕ್ಕಾರು. ಈ ಕರಾವಳಿಯಲ್ಲಿ ಹಳಬರು ಯಾರೂ ನಗುವುದಿಲ್ಲ. ನಕ್ಕರೂ ಆ ಹಲ್ಲು ಅವರದಲ್ಲ. ಹೆಣ್ಣನ್ನು ಗಂಡನ ಮನೆಗೆ ಕಳಿಸುವ ಮುಂಚೆ ಬಾಯಿ ಬರಿದು ಮಾಡಿಸಿ, ಹೊಳೆಯುವ ಕಟ್ಟುಹಲ್ಲಿನ ಸೆಟ್ಟನ್ನು ಉಡುಗೊರೆ ಕೊಡುವುದು ಇಲ್ಲಿಯ ಹಳೆಯ ಮರ್ಯಾದೆ. ಮುಂದೆ ಅಳಿಯನಿಗೆ ಹಲ್ಲಿನ ತಾಪತ್ರಯ ಇರಬಾರದಲ್ಲ. ಆ ಪದ್ಧತಿ ಸತ್ತು ನಲವತ್ತು ವರ್ಷವಾಯಿತೆಂದು ಡಲ್ಸಿ ನಂಬಿದ್ದರು. ಜೊಡೀನಳ ಅಜ್ಜಿ ಟ್ರೈಫೀನಾ ಅದರ ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದ್ದಾಳೆ.

ಎಂಟೂವರೆಗೆ ಫೆರಿ ಬರುತ್ತದೆ. ಅದರಲ್ಲಿ ದಂತವೈದ್ಯ ಡಾಕ್ಟರ್ ಪವರ್ ಬರುತ್ತಾರೆ, ಎರಡು ವಾರಕ್ಕೊಮ್ಮೆ ಬುಧವಾರ. "ಪವರ್ ಬಂದ ದಿನವೇ ಪವರ್ ಹೋಗೋದು" ಎಂಬ ಮಾತು ಇಲ್ಲಿ ಗಾದೆಯಾಗಿಬಿಟ್ಟಿದೆ, ಏಕೆಂದರೆ ಅವರು ಬರುವ ದಿನ ಗಾಳಿ ಎದ್ದು ಕರೆಂಟಿನ ತಂತಿ ಹರಿಯುವುದು ವಾಡಿಕೆ. ಇವತ್ತೂ ಕಿಟಕಿಯ ಗಾಜು ಕಟಕಟ ಹಲ್ಲು ಕಡಿಯುತ್ತಿದೆ.

ಬೋರ್ಡಿನಲ್ಲಿ ಡಲ್ಸಿಯ ಹುದ್ದೆ "ಹೈಜಿನಿಸ್ಟ್" ಎಂದಿದೆ. ಹಲ್ಲು ಶುಚಿ ಮಾಡಬಹುದು, ಲೇಪ ಹಚ್ಚಬಹುದು, ತೋರಿಸಿ ತಿಳಿಸಬಹುದು. ಕೀಳಬೇಕೋ ಬೇಡವೋ ಎಂದು ತೀರ್ಮಾನಿಸುವ ಅಧಿಕಾರ ಇಲ್ಲ; ಅದು ಡಾಕ್ಟರದ್ದು, ಒಪ್ಪಿಗೆಗೆ ಸಹಿ ಹಾಕುವ ಹುಡುಗಿಯದ್ದು. ಅದಕ್ಕೇ ಒಂದು ಉಪಾಯ ಹೂಡಿದ್ದಾರೆ. ಕೀಳುವ ಮುಂಚೆ ಹಲ್ಲು ತೊಳೆಯಬೇಕೆಂಬ ನೆಪದಲ್ಲಿ ಜೊಡೀನಳನ್ನು ಆರೂ ಮುಕ್ಕಾಲಿಗೇ ಕರೆಸಿದ್ದಾರೆ.

ಹುಡುಗಿ ಬಂದದ್ದು ಏಡಿ ಕಾರ್ಖಾನೆಯ ರಬ್ಬರ್ ಬೂಟಿನಲ್ಲೇ. ಬಾಯಿಗೆ ಅಂಗೈ ಅಡ್ಡ ಹಿಡಿದೇ ಕೇಳುತ್ತಾಳೆ: "ಕೀಳೋ ಹಲ್ಲಿಗೆ ಸ್ನಾನ ಯಾಕೆ ಡಲ್ಸಿ?"

"ಹೆಣಕ್ಕೂ ಸ್ನಾನ ಮಾಡಿಸಲ್ವೇನೇ ನನ್ ಬಾತುಮರಿ? ಕೂತ್ಕೋ."

ಕುರ್ಚಿ ಹಿಂದಕ್ಕೆ ವಾಲುತ್ತದೆ. ಜೊಡೀನ್ ಬಾಯಿಬಿಡುವುದಿಲ್ಲ, ಎರಡೂ ಅರ್ಥದಲ್ಲಿ.

ಡಲ್ಸಿಗೆ ಈಗ ಅರವತ್ತನಾಲ್ಕು. ಹದಿನೆಂಟರಲ್ಲಿ ಅವರ ಅಮ್ಮ ಇದೇ ಉಡುಗೊರೆ ಕೊಟ್ಟರು. ಶಾಲೆಯ ಕೋಣೆಯಲ್ಲಿ, ಮಕ್ಕಳ ಬೆಂಚಿನ ಮೇಲೆ, ಒಂದೇ ಮಧ್ಯಾಹ್ನ, ಬಾಯಲ್ಲಿದ್ದ ಇಪ್ಪತ್ತೆರಡೂ ಹಲ್ಲು. ಅದರಲ್ಲಿ ಹುಳುಕಿದ್ದದ್ದು ಆರೋ ಏಳೋ. ಮಿಕ್ಕವು ಜೊತೆಗಿದ್ದ ತಪ್ಪಿಗೆ ಹೋದವು. "ನನ್ನ ಗಂಡ ಲಿಯಾಂಡರ್ ನನ್ನ ಬರಿ ಬಾಯಿ ನೋಡಿದ್ದು ಮದುವೆಯಾಗಿ ಹನ್ನೊಂದು ವರ್ಷದ ಮೇಲೆ. ಅಲ್ಲೀವರೆಗೂ ಅಡಗಿಸಿಕೊಂಡು ಬಾಳಿದೆ. ಕಳ್ಳತನ ಮಾಡಿದೋರೂ ಅಷ್ಟು ವರ್ಷ ಅಡಗಿರಲ್ಲ," ಎನ್ನುತ್ತಾರೆ.

ಮೂವತ್ತೈದನೇ ವಯಸ್ಸಿನಲ್ಲಿ ಇಬ್ಬರು ಮಕ್ಕಳನ್ನು ಅತ್ತೆಯ ಬಳಿ ಬಿಟ್ಟು, ನಗರಕ್ಕೆ ಹೋಗಿ ಎರಡು ವರ್ಷ ಈ ಕೆಲಸ ಕಲಿತರು. ತರಗತಿಯಲ್ಲಿ ಎಲ್ಲರೂ ತಮಗಿಂತ ಹದಿನೈದು ವರ್ಷ ಚಿಕ್ಕವರು. "ಅಲ್ಲಿ ಒಬ್ಬರ ಬಾಯಲ್ಲಿ ಇನ್ನೊಬ್ಬರು ಕೆರೆದು ಕಲೀಬೇಕು. ನನ್ನ ಸರದಿ ಬಂದಾಗ ಜೊತೆಯ ಹುಡುಗಿ ಕನ್ನಡಿ ಹಿಡ್ಕೊಂಡು ಸುಮ್ಮನೆ ನಿಂತುಬಿಟ್ಲು. ನನ್ನ ಬಾಯಲ್ಲಿ ಕಲಿಯೋಕೆ ಏನೂ ಇರಲಿಲ್ಲ. ಅವತ್ತೇ ಅಂದ್ಕೊಂಡೆ, ನಮ್ಮೂರಲ್ಲಿ ಇನ್ನೊಂದು ಬಾಯಿಗೆ ಹೀಗಾಗಕೂಡದು ಅಂತ."

ಅಂದಿನಿಂದ ಇಪ್ಪತ್ತೇಳು ವರ್ಷ. ದಿನಕ್ಕೆ ಸರಾಸರಿ ಹತ್ತು ಬಾಯಿ. ಲೆಕ್ಕದ ಪ್ರಕಾರ ಮುನ್ನೂರ ಇಪ್ಪತ್ತು ಹಲ್ಲು ಇರಬೇಕು. ನೂರ ತೊಂಬತ್ತು ಸಿಕ್ಕರೆ ಹಬ್ಬ. ಶಾಲೆಯ ಇಪ್ಪತ್ತೇಳು ಮಕ್ಕಳಿಗೆ ವರ್ಷಕ್ಕೆರಡು ಸಲ ಫ್ಲೋರೈಡ್ ಲೇಪ, ಹೊಸ ದವಡೆಹಲ್ಲು ಬಂದ ಕೂಡಲೇ ಅದರ ಸೀಳುಗಳಿಗೆ ಮುಚ್ಚು. ಡ್ರಿಲ್ಲಿಗೆ ಹೆದರುವ ಮಕ್ಕಳಿಗೆ ಡ್ರಿಲ್ಲಿನ ಸದ್ದನ್ನು ಮೊದಲು ತಾವೇ ಮೂಗಿನಲ್ಲಿ ಹೊರಡಿಸಿ ತೋರಿಸುತ್ತಾರೆ, ಆಮೇಲೆ ಪಾದ್ರಿಯ ಕೆಮ್ಮು, ಆಮೇಲೆ ಹಡಗಿನ ಕೂಗು. ಮೂರೂ ಒಂದೇ ಥರ ಕೇಳುತ್ತವೆಂದು ಪಾದ್ರಿಗೆ ಬೇಸರವಿದೆ. ದೊಡ್ಡವರು ಮಾತ್ರ ದಾರಿಯಲ್ಲಿ ಡಲ್ಸಿಯನ್ನು ಕಂಡರೆ ತುಟಿ ಹೊಲಿದುಕೊಂಡು ತಲೆಯಾಡಿಸುತ್ತಾರೆ. ಮನೆಮನೆಯ ಹುಳುಕು ಗೊತ್ತಿರುವವರ ಎದುರು ಹಲ್ಲು ಕಿರಿಯುವುದು ಸುಲಭವಲ್ಲ.

ಏಳು ಗಂಟೆ ದಾಟುತ್ತದೆ. ಡಲ್ಸಿ ಒಂದು ಹಾಳೆ ತೆಗೆಯುತ್ತಾರೆ. ಹೋದ ಸಲ ಜೊಡೀನ್ ಕೆನ್ನೆ ಊದಿಸಿಕೊಂಡು ಬಂದಾಗ ಎಕ್ಸ್‌ರೇ ನೋಡಿ ಡಾಕ್ಟರ್ ಪವರ್ ಗುರುತು ಹಾಕಿದ ನಕ್ಷೆ ಅದು. ಅವತ್ತು ಹುಡುಗಿ ಅಳುತ್ತಾ "ಎಲ್ಲಾ ಕಿತ್ತಾಕಿ" ಎಂದಿದ್ದಳು. ಡಾಕ್ಟರು ಹಾಗೇ ಬರೆದುಕೊಂಡು, ಎರಡು ವಾರ ಯೋಚಿಸು ಎಂದು ಮಾತ್ರೆ ಕೊಟ್ಟು ಕಳಿಸಿದ್ದರು. ನೋವಿನಲ್ಲಿ ನಕ್ಷೆಯನ್ನು ಯಾರು ನೋಡುತ್ತಾರೆ? ಈಗ ಅವಳ ಕೈಗೆ ಕನ್ನಡಿ ಕೊಟ್ಟು ಡಲ್ಸಿ ಹೇಳುತ್ತಾರೆ: "ನಾನೇನೂ ಹೇಳೋ ಹಾಗಿಲ್ಲ. ಡಾಕ್ಟ್ರು ಬರೆದದ್ದನ್ನ ಓದ್ತೀನಿ. ನೀನು ಎಣಿಸು."

ಒಂದು ಹಲ್ಲು, ಎಡಗಡೆಯ ಕೊನೆಯದು, ಒಸಡಿನವರೆಗೆ ಮುರಿದಿದೆ, ಅದು ಹೋಗಲೇಬೇಕು. ಅದರ ಪಕ್ಕದ್ದಕ್ಕೆ ನರದವರೆಗೆ ಹುಳುಕು ಇಳಿದಿದೆ. ಬೇರಿನ ನಾಳ ತೊಳೆದು ತುಂಬಿ, ಮೇಲೊಂದು ಟೋಪಿ ಹಾಕಿದರೆ ಬದುಕುತ್ತದೆ. ನಾಲ್ಕಕ್ಕೆ ಗುಂಡಿ ಕೆರೆದು ಮುಚ್ಚಿದರೆ ಸಾಕು. ಬಾಯಿಯ ಮುಂಭಾಗದ ಮೂರು ಹುಳುಕೇ ಅಲ್ಲ. ಮೇಲಿನ ಕವಚ ಸವೆದು, ಬಿಳಿ ಮಚ್ಚೆ ಬಿದ್ದು, ತಣ್ಣಗಿನದು ತಾಗಿದರೆ ಜುಮ್ಮೆನ್ನುತ್ತವೆ.

"ಎಷ್ಟಾಯ್ತು?"

"ಒಂಬತ್ತು."

"ಉಳಿದ ಐದು ಯಾರಿಗೆ ಏನು ಅನ್ಯಾಯ ಮಾಡಿದ್ದಾವೆ?"

ಜೊಡೀನ್ ಕನ್ನಡಿಯನ್ನು ಮಡಿಲಿಗೆ ಮಗುಚಿಡುತ್ತಾಳೆ. "ಇವತ್ತಲ್ಲ ನಾಳೆ ಅವೂ ಹೋಗ್ತಾವೆ. ನಮ್ಮ ವಂಶವೇ ಹಂಗೆ. ನಾನೇನು ಉಜ್ಜಲ್ವಾ? ದಿನಕ್ಕೆ ಆರು ಸಲ ಉಜ್ತೀನಿ, ರಕ್ತ ಬರೋ ಹಂಗೆ. ಆದ್ರೂ ಸವೀತಾವೆ!"

ಡಲ್ಸಿಯ ಕೈ ನಿಲ್ಲುತ್ತದೆ. "ಆರು ಸಲ? ಯಾವಾಗ ಯಾವಾಗ?"

"ಪ್ಲಾಂಟಲ್ಲಿ ಪ್ರತಿ ಬ್ರೇಕಿಗೂ. ಅನಾನಸ್ ಸೋಡಾ ಕುಡಿದ ತಕ್ಷಣ ಹೋಗಿ ಉಜ್ಜಿ ಬರ್ತೀನಿ, ಸಕ್ಕರೆ ಅಂಟಿಕೊಂಡಿರಬಾರದು ಅಂತ."

ಇದೇ ಆ ಹುಳುಕು. ಹಲ್ಲಿನದಲ್ಲ, ಲೆಕ್ಕದ್ದು. ಕಾಪಾಡಲು ಹೋಗಿಯೇ ಹುಡುಗಿ ಕವಚ ಕೆರೆದು ಹಾಕಿದ್ದಾಳೆ. ಫೆರಿಗೆ ಇನ್ನು ಒಂದು ಗಂಟೆ. ಡಲ್ಸಿ ಉಪದೇಶ ಮಾಡುವುದಿಲ್ಲ, ಪ್ರಶ್ನೆ ಕೇಳುತ್ತಾರೆ.

"ನಿನ್ನ ಕೆಲಸ ಏನೇ ಪ್ಲಾಂಟಲ್ಲಿ?"

"ಏಡಿ ಆರಿಸೋದು. ಹೆಬ್ಬೆರಳಲ್ಲಿ ಒತ್ತಿ ನೋಡ್ತೀನಿ. ಮೆತ್ತಗಿದ್ರೆ ವಾಪಸ್."

"ಯಾಕೆ ಮೆತ್ತಗಿರುತ್ತೆ?"

"ಈಗಷ್ಟೇ ಚಿಪ್ಪು ಕಳಚಿರುತ್ತೆ. ಸುಮ್ಮನೆ ಬಿಟ್ರೆ ಗಟ್ಟಿಯಾಗುತ್ತೆ. ಆಗ ಮುಟ್ಟಿದ್ರೆ, ಒತ್ತಿದ್ರೆ... ಸೀಳಿ ಹೋಗುತ್ತೆ."

"ಸೋಡಾ ಕುಡಿದ ಹಲ್ಲೂ ಮೆತ್ತನೆ ಏಡಿ ಕಣೇ. ಹುಳಿ ತಾಗಿ ಮೇಲ್ಗಡೆ ಮೆತ್ತಗಾಗಿರುತ್ತೆ. ನೀರು ಹಾಕಿ ಮುಕ್ಕಳಿಸಿ ಒಂದು ಗಂಟೆ ಸುಮ್ನಿದ್ರೆ ಎಂಜಲೇ ಅದನ್ನ ಗಟ್ಟಿ ಮಾಡುತ್ತೆ. ನೀನು ಆಗಲೇ ಹೋಗಿ ಬ್ರಷ್ ತಗೊಂಡು ಉಜ್ತೀಯ. ಏಡಿಗಾದ್ರೆ ಇನ್ನೊಂದು ಚಿಪ್ಪು ಬರುತ್ತೆ. ಹಲ್ಲಿಗೆ ದೇವ್ರು ಕೊಟ್ಟಿರೋದು ಒಂದೇ ಅಂಗಿ."

ಜೊಡೀನಳ ಹೆಬ್ಬೆರಳು ತಾನೇ ತಾನಾಗಿ ಮೇಲೆದ್ದು ಮುಂದಿನ ಹಲ್ಲನ್ನು ಒತ್ತುತ್ತದೆ. ಆಗಲೇ ಹಡಗು ಕೂಗುತ್ತದೆ. ಏಳೂ ಐವತ್ತು! ಗಾಳಿಗೆ ಹೆದರಿ ಕ್ಯಾಪ್ಟನ್ ನಲವತ್ತು ನಿಮಿಷ ಮುಂಚೆಯೇ ಬಂದಿದ್ದಾನೆ. ಹೊರಡುವುದೂ ಬೇಗ, ಮಧ್ಯಾಹ್ನ ಒಂದಕ್ಕೆ.

ಫೆರಿ ದಡ ಮುಟ್ಟುವ ಮೊದಲೇ ಒಳಗೆ ಬಂದವಳು ಅಜ್ಜಿ ಟ್ರೈಫೀನಾ. ಕೈಯಲ್ಲಿ ಫ್ಲಾಸ್ಕು, ಕಂಕುಳಲ್ಲಿ ಕಟ್ಟುಹಲ್ಲಿನ ಅಳತೆಯ ಕಾಗದ. "ಇನ್ನೂ ಶುರು ಮಾಡಿಲ್ವಾ? ಏನೇ ಡಲ್ಸಿ, ಹುಡುಗಿ ತಲೆ ತೊಳೀತಿದೀಯೋ ಹಲ್ಲು ತೊಳೀತಿದೀಯೋ?"

"ಎರಡೂ ಒಂದೇ ಕೋಣೇಲಿ ಇದಾವಲ್ಲ ಫೀನಾ."

"ಮದುವೆ ಫೋಟೋದಲ್ಲಿ ಹಲ್ಲು ಮುತ್ತಿನ ಸರದಂಗೆ ಕಾಣ್ಬೇಕು. ಮದುವೆ ಆದ್ಮೇಲೆ ಹಲ್ಲು ಹಲ್ಲು ಅಂತ ಗಂಡನ ಪ್ರಾಣ ತಿನ್ಬಾರ್ದು. ನಂದು ನೋಡು, ನಿಂದು ನೋಡು. ಯಾರಾದ್ರೂ ಬೆರಳು ತೋರಿಸಿದ್ದಾರಾ?"

ಡಲ್ಸಿ ಕೈಗವಸು ಕಳಚುತ್ತಾರೆ. ಇಪ್ಪತ್ತೇಳು ವರ್ಷದಲ್ಲಿ ರೋಗಿಯ ಮುಂದೆ ಎಂದೂ ಮಾಡದ ಕೆಲಸ ಮಾಡುತ್ತಾರೆ. ಮೇಲಿನ ಸೆಟ್ಟನ್ನು ತೆಗೆದು ಅಂಗೈಯಲ್ಲಿಟ್ಟುಕೊಳ್ಳುತ್ತಾರೆ. ಮುಖ ಮೂಗಿನ ಕೆಳಗೆ ಕುಸಿಯುತ್ತದೆ. ಡಲ್ಸಿ ಇದ್ದಲ್ಲಿ ಈಗ ಎಂಬತ್ತು ದಾಟಿದವಳೊಬ್ಬಳು ನಿಂತಿದ್ದಾಳೆ. ಮಾತು ಗಾಳಿಯಾಗಿ ಹೊರಡುತ್ತದೆ: "ಹಲ್ಲು ಹೋದ ಮೇಲೆ ದವಡೆ ಮೂಳೆಗೂ ಕೆಲಸ ಇಲ್ಲ ಕಣಮ್ಮ. ಅದೂ ಕರಗ್ತಾ ಹೋಗುತ್ತೆ. ಇದು ನನ್ನ ಏಳನೇ ಸೆಟ್ಟು. ಮುಂದಿನದು ಕೂರೋಕೆ ಜಾಗ ಇಲ್ಲ." ಮತ್ತೆ ಹಾಕಿಕೊಂಡು, ಟಕ್ಕನೆ ಕಚ್ಚಿ, ಕೈ ತೊಳೆಯಲು ತಿರುಗುತ್ತಾರೆ.

ಟ್ರೈಫೀನಾ ಅಳತೆಯ ಕಾಗದವನ್ನು ಇನ್ನೊಂದು ಕಂಕುಳಿಗೆ ಬದಲಿಸುತ್ತಾಳೆ.

ಡಾಕ್ಟರ್ ಪವರ್ ಒದ್ದೆ ಕೋಟಿನಲ್ಲೇ ಒಳಬರುತ್ತಾರೆ. ಹನ್ನೊಂದು ರೋಗಿಗಳು, ಐದು ಗಂಟೆ ಸಮಯ, ಮಿಣುಕುತ್ತಿರುವ ದೀಪ. ಕರೆಂಟು ಹೋದರೆ ಕೀಳಬಹುದು, ಕೊರೆದು ತುಂಬಲಾಗದು. ಅಂದರೆ ಆತುರ ಇಕ್ಕಳದ ಪಕ್ಷದಲ್ಲಿದೆ. ಅವರು ನಕ್ಷೆ ನೋಡುತ್ತಾರೆ, ಹುಡುಗಿಯನ್ನು ನೋಡುತ್ತಾರೆ. "ನಾನು ಮೂರು ಸಲ ಕೇಳ್ತೀನಿ, ಅದು ನನ್ನ ನಿಯಮ. ಪೂರ್ತಿ ಸಾಲಾ?"

ಜೊಡೀನ್ ಅಜ್ಜಿಯನ್ನು ನೋಡುತ್ತಾಳೆ.

"ಪೂರ್ತಿ ಸಾಲಾ?"

ದೀಪ ಒಮ್ಮೆ ಕಣ್ಣು ಮಿಟುಕಿಸಿ ಮರಳುತ್ತದೆ. ಡಲ್ಸಿ ಇಕ್ಕಳದ ತಟ್ಟೆ ಹಿಡಿದು ನಿಂತಿದ್ದಾರೆ. ಒಂದು ಮಾತು ನಾಲಿಗೆಯ ತುದಿಗೆ ಬಂದು, ಏಳನೇ ಸೆಟ್ಟಿನ ಹಿಂದೆ ನಿಂತಿದೆ.

"ಕೊನೇ ಸಲ ಕೇಳ್ತೀನಿ. ಎಷ್ಟು?"

"ಒಂದು," ಎನ್ನುತ್ತಾಳೆ ಜೊಡೀನ್.

"ಒಂದು ಸಾಲಾ?"

"ಒಂದು ಹಲ್ಲು."

ಡಲ್ಸಿ ತಟ್ಟೆಯಿಂದ ನಾಲ್ಕು ಇಕ್ಕಳ ಎತ್ತಿ ಪಕ್ಕಕ್ಕಿಡುತ್ತಾರೆ. ಟ್ರೈಫೀನಾ ಫ್ಲಾಸ್ಕನ್ನು ನೆಲಕ್ಕೆ ಕುಕ್ಕುತ್ತಾಳೆ. "ಹಂಗಾದ್ರೆ ನನ್ ಉಡುಗೊರೆ?"

"ಆ ಪಕ್ಕದ ಹಲ್ಲಿನ ಬೇರು ತೊಳೆಸಿ ಟೋಪಿ ಹಾಕ್ಸು ಅಜ್ಜಿ. ಅದನ್ನೇ ಕೊಡು."

"ಮದುವೆಗೆ ಯಾರಾದ್ರೂ ಮೊಮ್ಮಗಳ ನರ ತೆಗೆಸಿ ಕೊಡ್ತಾರೇನೇ, ನನ್ ಶನಿ!" ಎನ್ನುತ್ತಾ ಅಜ್ಜಿ ಕುರ್ಚಿ ಎಳೆದುಕೊಂಡು ಕೂರುತ್ತಾಳೆ. ಮೊಮ್ಮಗಳ ಕೈ ಮಾತ್ರ ಹಿಡಿದಿದ್ದಾಳೆ.

ಕರೆಂಟು ಹನ್ನೊಂದೂ ಇಪ್ಪತ್ತಕ್ಕೆ ಹೋಗುತ್ತದೆ. ಅಷ್ಟರಲ್ಲಿ ಜೊಡೀನಳ ಒಂದು ಹಲ್ಲು ಹೊರಗೆ ಬಂದಿದೆ, ಎರಡು ಗುಂಡಿ ತುಂಬಿವೆ. ಇನ್ನೆರಡು ಡಾಕ್ಟರು ಮತ್ತೆ ಬರುವ ಬುಧವಾರಕ್ಕೆ. ಬೇರಿನ ಚಿಕಿತ್ಸೆಗೆ ನಗರಕ್ಕೆ ಹೋಗಬೇಕು, ಮದುವೆಗೆ ಮುಂಚೆ ಆಗುತ್ತದೆಂದು ಯಾರೂ ಮಾತು ಕೊಟ್ಟಿಲ್ಲ. ಮುಂಭಾಗದ ಮೂರು ಹಲ್ಲುಗಳಿಗೆ ಡಲ್ಸಿ ಟಾರ್ಚಿನ ಬೆಳಕಿನಲ್ಲಿ ಲೇಪ ಹಚ್ಚುತ್ತಾರೆ. "ಇವತ್ತು ಬಿಸಿ ಬೇಡ, ಗಟ್ಟಿ ಬೇಡ. ಸೋಡಾ ಬಿಡೋಕೆ ಆಗದಿದ್ರೆ ಊಟದ ಜೊತೆ ಒಂದೇ ಸಲ ಕುಡಿ, ದಿನವೆಲ್ಲಾ ಚೀಪ್ಬೇಡ. ಮೆತ್ತನೆ ಬ್ರಷ್ಷು, ದಿನಕ್ಕೆ ಎರಡೇ ಸಲ. ಪೇಸ್ಟ್ ಉಗುಳು, ನೀರು ಹಾಕಿ ತೊಳೀಬೇಡ, ಅದು ಅಲ್ಲೇ ಇರ್ಲಿ." ಹುಡುಗಿ ಹತ್ತಿ ಕಚ್ಚಿಕೊಂಡು "ಹೂಂ" ಎನ್ನುತ್ತಾಳೆ. ಕಾರ್ಖಾನೆಯ ಬ್ರೇಕಿನಲ್ಲಿ ಆ ಹೂಂ ಎಷ್ಟು ದಿನ ಬಾಳುತ್ತದೋ.

ಬಳಸದ ನಾಲ್ಕು ಇಕ್ಕಳಗಳನ್ನು ಡಲ್ಸಿ ಪೊಟ್ಟಣ ಒಡೆಯದೆ ಬೀರುವಿನಲ್ಲಿಡುತ್ತಾರೆ. ಮುಂದಿನ ವರ್ಷ ನಿವೃತ್ತಿ. ಆಸೆಗಳೇನಾದರೂ ಇವೆಯೇ ಎಂದರೆ ಬೀರುವಿನ ಬಾಗಿಲು ಮುಚ್ಚಿ, ಜೊಡೀನಳದ್ದೇ ದನಿ ತೆಗೆದು, ಅದಕ್ಕೆ ಐವತ್ತು ವರ್ಷ ಸೇರಿಸಿ ಹೇಳುತ್ತಾರೆ:

"ಎಪ್ಪತ್ತರ ವಯಸ್ಸಲ್ಲಿ ಅವಳು ಕೆನ್ನೆ ಹಿಡ್ಕೊಂಡು ಕೂತು, 'ಆ ಡಲ್ಸಿ ಹಾಳಾಗ್ ಹೋಗ, ಅವತ್ತೇ ಕೀಳಿಸಿಬಿಟ್ಟಿದ್ರೆ ಆಗ್ತಿತ್ತು' ಅಂತ ನನಗೆ ಶಾಪ ಹಾಕ್ಬೇಕು. ಅಷ್ಟೇ ಸಾಕು. ನೋಯೋಕಾದ್ರೂ ಹಲ್ಲಿರಬೇಕಲ್ಲ."