ಬೆಲ್ಲ ಇಳಿಸುವವನ ಷರತ್ತು

ಎಂಬತ್ತರ ದಶಕದಲ್ಲಿ ರಾಯಬಾಗದ ಕಡೆ ಗಾಣ ಹೂಡಲು ಕಬ್ಬೊಂದೇ ಸಾಲುತ್ತಿರಲಿಲ್ಲ. ಬೆಲ್ಲ ಇಳಿಸಲು ಕೊಲ್ಲಾಪುರದ ಕಡೆಯಿಂದ ಒಬ್ಬ ಕಸಬುದಾರ ಬರಬೇಕಿತ್ತು. ಪಾಕ ಯಾವ ಗಳಿಗೆಗೆ ಒಲೆಯಿಂದ ಇಳಿಯಬೇಕೆಂಬುದು ಅವನ ಕಣ್ಣಿಗೆ ಬಿಟ್ಟದ್ದು. ಅವನು ಕರೆದ ಕೂಡಲೇ ಬರುವವನಲ್ಲ. ಮೊದಲು ಒಂದು ದಿನ, ಕನ್ಯೆ ನೋಡಲು ಬಂದವರಂತೆ ಬಂದು, ಒಲೆ, ಕೊಪ್ಪರಿಗೆ, ಉರಿಗೆ ಒಟ್ಟಿದ ಕಬ್ಬಿನ ಒಣಸಿಪ್ಪೆಯ ಬಣವಿ ನೋಡುವುದು. ಒಂದು ಊಟ ಉಣ್ಣುವುದು. ಮಾಲಕನಿಗೆ ಜಾಮೀನಾಗಿ ಒಬ್ಬ ಹಿರಿಯ ನಿಂತರೆ ಮಾತ್ರ ಹೂಂ ಎನ್ನುವುದು. ಪಗಾರ ಕೊಡುವವರು ನಾವು, ಪರೀಕ್ಷೆಗೆ ಕೂಡುವವರೂ ನಾವೇ!

ಆ ವರ್ಷ ನನ್ನ ಕಬ್ಬು ಬಲಿತು ನಿಂತರೂ ಯಾರೂ ಒಪ್ಪಲಿಲ್ಲ. ಕಾರಣ ನನ್ನ ಕೊರಳಲ್ಲಿ ತೂಗುತ್ತಿದ್ದ ಸೀಟಿ. ಹಾಸ್ಟೆಲಿನ ಶಿಸ್ತಿನಲ್ಲಿ ಬೆಳೆದ ನಾನು ಮನೆಯವರು, ಆಳುಗಳು ಎಲ್ಲರೂ ಏಳುವುದಕ್ಕೆ, ಚಹಾಕ್ಕೆ, ಊಟಕ್ಕೆ ಸೀಟಿ ಊದುತ್ತಿದ್ದೆ. ಅದರಲ್ಲಿ ತಪ್ಪೇನಿದೆ ಎಂದು ನನಗೆ ಇಂದಿಗೂ ತಿಳಿದಿಲ್ಲ. ಹಿಂದಿನ ಸುಗ್ಗಿಗೆ ಬಂದವನು ಅರ್ಧಕ್ಕೇ ಬಿಟ್ಟು ಹೋಗಿ, ಗಡಿಯಾಚೆ ಊರೂರಿಗೆ ಸುದ್ದಿ ಹಂಚಿದ್ದ. ಇತ್ತ ಕಬ್ಬು ಹೂಬಿಡತೊಡಗಿತ್ತು. ಇನ್ನು ತಡವಾದರೆ ಬೆಂಡಾಗಿ ಹೋಗುತ್ತಿತ್ತು.

ಜುಗೂಳದ ನನ್ನ ಸೋದರಮಾವನೇ ಜಾಮೀನು ನಿಂತು ಹೊಸಬನೊಬ್ಬನನ್ನು ಕರೆತಂದ. ಬಂದವನು ಕೊಪ್ಪರಿಗೆಯನ್ನು ಬೆರಳಿಂದ ಬಡಿದ, ಸಿಪ್ಪೆ ಮುರಿದು ನೋಡಿದ, ನನ್ನ ಹೆಂಡತಿ ಬಡಿಸಿದ ಬಿಸಿ ರೊಟ್ಟಿ, ಜುಣಕ ಉಂಡ. ಕೈ ತೊಳೆದು ಮಾವನ ಕಡೆ ತಿರುಗಿದ.

"ಸಗಳಾ, ಎಲ್ಲಾ ಬೇಸ್ ಐತ್ರಿ ಮಾಮಾ. ಆದ್ರ ಪೊಲೀಸ್ರಂಗ ಸೀಟಿ ಹೊಡಿಯೂ ಮಾಲಕ ಇವರ ಏನ್ರಿ?"

"ಮನಶ್ಯಾ ಚಲೋ ಅದಾನಪಾ. ಅದೊಂದ ಚಟ. ಹಲ್ಲ ಬಿದ್ದಮ್ಯಾಲ ತಾನ ಬಿಡ್ತಾನ."

"ಅಲ್ಲೀತನಕಾ ಕಬ್ಬ ನಿಂದ್ರತೈತೇನ್ರಿ?"

ಒಳಗಿನಿಂದ ನನ್ನ ಹೆಂಡತಿ ಬಾಯಿ ಹಾಕಿದಳು. "ಅಣ್ಣಾರ, ಆ ಸೀಟಿ ನಿಮ್ಮ ಕೊಳ್ಳಾಗ ಹಾಕ್ಕೊಂಡಬಿಡ್ರಿ. ಸುಗ್ಗಿ ಮುಗಿಯೂತನಕಾ ನಾನೂ ನಿದ್ದಿ ಮಾಡ್ತೇನಿ."

ಅವನು ಕೈ ಚಾಚಿದ. ನಾನು ಹೊಲದ ಕಡೆ ನೋಡಿದೆ. ಕಬ್ಬಿನ ಹೂವು ಗಾಳಿಗೆ ತೂಗುತ್ತಿತ್ತು. ಸೀಟಿ ಬಿಚ್ಚಿ ಕೊಟ್ಟೆ.

"ಕಿವಿ ಕೊಯ್ದ ಕೊಟ್ಟಂಗ ಮಾರಿ ಮಾಡ್ಯಾನ ನೋಡ!" ಎಂದು ಮಾವ ನಕ್ಕ.

ಗಾಣ ಹೂಡಿದ ಮೊದಲ ದಿನ ನಾನು ಬಣವಿಯ ಹತ್ತಿರ ಸಲಿಕೆ, ಬುಟ್ಟಿಗಳನ್ನು ಸಾಲಾಗಿ ಜೋಡಿಸುತ್ತಿದ್ದೆ. ಒಮ್ಮೆಲೇ ನನ್ನ ಸೀಟಿ ಕೂಗಿತು. ಯಾಕೆಂದು ಯೋಚಿಸುವ ಮೊದಲೇ ನನ್ನ ಕಾಲುಗಳು ಓಡುತ್ತಿದ್ದವು.

"ಬರ್ರಿ ಮಾಲಕ್ರ, ಪಾಕ ಬಂದೈತಿ, ಕೊಪ್ಪರಿಗಿ ಹಿಡೀರಿ!"

ಆಳುಗಳು ಇನ್ನೂ ಬೀಡಿ ಆರಿಸುತ್ತಿದ್ದರು. ಎಲ್ಲರಿಗಿಂತ ಮೊದಲು ಮುಟ್ಟಿದವನು ನಾನು. ಸುಗ್ಗಿಯುದ್ದಕ್ಕೂ ಇದೇ ಆಯಿತು: ಅವನು ಊದುವುದು, ನಾನು ಓಡುವುದು. ಹೆಂಡತಿ ಮಾತ್ರ ಹಾಯಾಗಿ ನಿದ್ದೆ ಮಾಡಿದಳು. ಬೆಲ್ಲ ಬಂಗಾರದಂಥ ಬಣ್ಣಕ್ಕೆ ಇಳಿದು ನಿಪ್ಪಾಣಿ ಪೇಟೆಗೆ ಹೋಯಿತು. ಸೀಟಿ ಅವನ ಕೊರಳಲ್ಲೇ ಗಡಿ ದಾಟಿತು.

ಮರುವರ್ಷ ನಾನು ಕರೆಯುವ ಮೊದಲೇ ಮಾವನ ಕಡೆ ಅವನ ಸುದ್ದಿ ಬಂತು. ಒಲೆ, ಕೊಪ್ಪರಿಗೆ, ಬಣವಿ, ಯಾವುದನ್ನೂ ಕೇಳಿರಲಿಲ್ಲ.

"ಬರತೇನ್ರಿ ಮಾಮಾ. ಮಾಲಕ್ರ ಮೊಣಕಾಲ ಇನ್ನೂ ಗಟ್ಟಿ ಅದಾವೋ ಇಲ್ಲೋ, ಅಷ್ಟ ನೋಡಿ ಹೇಳ್ರಿ."