ಕಾಣೆ ಮೀನಿನ ವಿಮಾನಯಾನ

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವನ್ನು ಫೋನಿನಲ್ಲಿ ಹುಡುಕುವುದು ನನಗೊಂದು ಚಟ. ಕೊಲ್ಕತ್ತಾದ ನಮ್ಮ ಬ್ಯಾಂಕಿನ ಊಟದ ಬಿಡುವಿನಲ್ಲಿ ಉಳಿದವರು ಕ್ರಿಕೆಟ್ ಸ್ಕೋರು ನೋಡುವಾಗ ನಾನು ಕೊಲ್ಕತ್ತಾ–ಮಂಗಳೂರು ನೋಡುತ್ತಿರುತ್ತೇನೆ. ನೇರ ಗೆರೆ ಎಳೆದರೆ ಎರಡು ಸಾವಿರ ಕಿಲೋಮೀಟರೂ ಆಗುವುದಿಲ್ಲ. ಎರಡೂವರೆ ಗಂಟೆಯ ಹಾರಾಟವಂತೆ. ಆ ಗೆರೆಯ ಮೇಲೆ ಹಾರುವ ವಿಮಾನ ಮಾತ್ರ ನನಗೆ ಈವರೆಗೆ ಸಿಕ್ಕಿಲ್ಲ. ಬೆಂಗಳೂರಿನಲ್ಲಿ ಇಳಿದು, ದುಬಾರಿ ಕಾಫಿ ಕುಡಿದು, ಕಾದು, ಮತ್ತೆ ಹತ್ತಬೇಕು.

ಈ ದೂರವನ್ನು ಗೆದ್ದವಳು ನನ್ನ ಹೆಂಡತಿ ಸುಮತಿ. ಎದುರು ಮನೆಯ ಘೋಷ್‌ಬಾಬು ಒಳ್ಳೆಯವರು, ಸುಮತಿಯನ್ನು ಬೌದಿ, ಅಂದರೆ ಅತ್ತಿಗೆ, ಎಂದು ಕರೆಯುವವರು, ಹಬ್ಬಕ್ಕೆ ತಪ್ಪದೆ ಸಂದೇಶ್ ಮಿಠಾಯಿ ಕಳಿಸುವವರು. ಒಮ್ಮೆ ಮೆಟ್ಟಿಲ ಬಳಿ ನಿಂತು, ಮೀನೆಂದರೆ ಹೊಳೆಯದ್ದು, ಕೆರೆಯದ್ದು, ಸಮುದ್ರದ್ದು ಮೀನೇ ಅಲ್ಲ ಎಂದುಬಿಟ್ಟರು. ಸುಮತಿಯ ತವರು ಮಂಗಳೂರಿನಲ್ಲಿ, ಮೀನುದೋಣಿಗಳು ಬಂದು ನಿಲ್ಲುವ ಧಕ್ಕೆಯ ಹತ್ತಿರ. ಅವಳು ನಕ್ಕು ಒಳಗೆ ಬಂದಳು. ಆ ನಗುವಿನ ಪರಿಚಯ ನನಗಿದೆ.

ಬೇಸಿಗೆಯಲ್ಲಿ ಅವಳ ಅಣ್ಣನ ಗೃಹಪ್ರವೇಶಕ್ಕೆ ಮಂಗಳೂರಿಗೆ ಹೋದೆವು. ವಾಪಸು ಹೊರಡುವ ಹಿಂದಿನ ದಿನ ಅವಳು ಧಕ್ಕೆಯಿಂದ ಸಮುದ್ರದ ಕಾಣೆ ಮೀನು ತಂದು, ಶುಚಿ ಮಾಡಿ, ಫ್ರೀಜರಿನಲ್ಲಿ ಕಲ್ಲಾಗಿಸಿ, ಪೇಪರಿನಲ್ಲಿ ಸುತ್ತಿ, ಐಸ್ ಪ್ಯಾಕಿನ ಜೊತೆ ಥರ್ಮಕೋಲ್ ಡಬ್ಬಿಗೆ ತುಂಬಿದಳು. ದಾರಿಯಲ್ಲಿ ಕೆಟ್ಟುಹೋದರೆ ಮರ್ಯಾದೆಯೂ ಜೊತೆಗೆ ಹೋಗುತ್ತದೆ ಎಂದು ನಾನು ಗೊಣಗಿದೆ.

“ನೀವು ಎಂತ ಹೆದರುದು? ಮೀನು ಸುಮ್ಮನೆ ಮಲಗಿದೆ. ನೀವೂ ಹಾಗೇ ಕೂತ್ಕೊಳ್ಳಿ,” ಎಂದಳು.

ಬೆಂಗಳೂರಿನವರೆಗೆ, ಅಲ್ಲಿಂದ ಮುಂದೆಯೂ, ಎಲ್ಲ ಸುಸೂತ್ರ. ಕೊಲ್ಕತ್ತಾದ ನೆತ್ತಿಯ ಮೇಲೆ ಬಂದಾಗ ಕಾಲ್‌ಬೈಸಾಖಿ, ಬೇಸಿಗೆಯ ಆ ಬಿರುಗಾಳಿ, ಎದ್ದಿತ್ತು. ವಿಮಾನ ಸುತ್ತಿ ಸುತ್ತಿ, ಕೊನೆಗೆ ಭುವನೇಶ್ವರಕ್ಕೆ ಹೋಗಿ ಕುಳಿತಿತು. ಹೊರಗೆ ಉರಿಬಿಸಿಲು. ನನ್ನ ಕಾಲಡಿಯಲ್ಲೇ ಎಲ್ಲೋ ಮೀನು ಕರಗುತ್ತಿದೆ ಎಂದು ನಾನು ಬೆವರುತ್ತಿದ್ದೆ. ಸುಮತಿ ಅಕ್ಕಪಕ್ಕದವರಿಗೆ ಚಕ್ಕುಲಿ ಹಂಚಿ ಕಣ್ಣು ಮುಚ್ಚಿದಳು.

ಗಾಳಿ ತಣಿದ ಮೇಲೆ ಕೊಲ್ಕತ್ತಾ ಮುಟ್ಟಿದೆವು. ಬೆಲ್ಟಿನ ಮೇಲೆ ಊರವರ ಪೆಟ್ಟಿಗೆಗಳೆಲ್ಲ ಬಂದವು. ನಮ್ಮ ಡಬ್ಬಿ ಮಾತ್ರ ಇಲ್ಲ. ಕಾಣೆ ಎಂಬ ಹೆಸರಿನ ಮೀನನ್ನು ನಂಬಿ ಹೊರಟದ್ದೇ ತಪ್ಪಾಯಿತೇನೋ ಎಂದುಕೊಳ್ಳುವಷ್ಟರಲ್ಲಿ ರಬ್ಬರಿನ ಪರದೆ ಸರಿಸಿಕೊಂಡು ಡಬ್ಬಿ ಗಂಭೀರವಾಗಿ ಬಂತು. ಮನೆಗೆ ಬಂದವನೇ ಟೇಪು ಕತ್ತರಿಸಿದೆ. ಐಸ್ ಪ್ಯಾಕುಗಳು ನೀರಾಗಿದ್ದವು. ಪೇಪರಿನೊಳಗೆ ಮೀನು ಮಾತ್ರ ಇನ್ನೂ ಗಟ್ಟಿ, ತಣ್ಣಗೆ.

ಮರುದಿನ ಭಾನುವಾರ ಘೋಷ್‌ಬಾಬು ಊಟಕ್ಕೆ ಬಂದರು. ರವೆ ಹಚ್ಚಿ ಹುರಿದ ಕಾಣೆಯನ್ನು ಮುರಿದು, ಪಳಗಿದ ಬೆರಳುಗಳಿಂದ ಮುಳ್ಳು ಹುಡುಕಿದರು. ನಡುಮುಳ್ಳು ಒಂದೇ ಎಳೆತಕ್ಕೆ ಹೊರಬಂತು. ಮುಳ್ಳಿನೊಡನೆ ಸೆಣಸದೆ ತಿನ್ನುವುದು ಮಕ್ಕಳ ಕೆಲಸ ಎನ್ನುತ್ತಲೇ ಎರಡನೆಯದಕ್ಕೆ ಕೈ ಚಾಚಿದರು. ಮೂರನೆಯದನ್ನು ಕೇಳಿಯೇ ಹಾಕಿಸಿಕೊಂಡರು. ಕಾಯಿ ಅರೆದು ಮಾಡಿದ ಮೀನಿನ ಗಸಿಗೆ ಅನ್ನ ಕಲಸುತ್ತಾ ತಲೆ ಎತ್ತದೆ, “ಬೌದಿ, ಇದು ಮೀನು,” ಎಂದರು.

ಅಷ್ಟು ಸಾಕಾಗಿತ್ತು. ಸುಮತಿ ಇನ್ನೊಂದು ಸೌಟು ಗಸಿ ಬಡಿಸಿದಳು. ನಾನು ಮಾತ್ರ ಸ್ವತಃ ಬಲೆ ಬೀಸಿದವನಂತೆ ಎದೆಯುಬ್ಬಿಸಿ ಕುಳಿತೆ.

ಕೈ ತೊಳೆಯುವಾಗ ಘೋಷ್‌ಬಾಬು, ಪುರಿಯಿಂದ ತೆಂಕಕ್ಕೆ ಎಂದೂ ಇಳಿಯದವರು, ಮಂಗಳೂರು ಎಷ್ಟು ದೂರ ಎಂದು ವಿಚಾರಿಸಿದರು.

“ಇಲ್ಲೇ ದಾದಾ,” ಎಂದಳು ಸುಮತಿ. “ಬೆಳಿಗ್ಗೆ ಚಾ ಕುಡಿದು ಹೊರಟರೆ ರಾತ್ರಿ ಊಟಕ್ಕೆ ನಮ್ಮ ಅಮ್ಮನ ಮನೆ.”

ಭುವನೇಶ್ವರದ ವಿಷಯ ನಾನೂ ಎತ್ತಲಿಲ್ಲ.