ಗಂಡನ ಫೋಟೊದ ಕೆಳಗೆ ನನ್ನ ಅಮ್ಮ

ನಮ್ಮ ಕನ್ನಡ ಸಂಘದ ಫೋರಂನಲ್ಲಿ ನನ್ನ ಗಂಡ ಬಹಳ ಚೆನ್ನಾಗಿ ಬರೆಯುತ್ತಾರೆಂದು ಮುಂಬಯಿ ಕಡೆಯ ಡೊಂಬಿವಲಿಯಿಂದ ವಾಶಿಯವರೆಗಿನ ಕನ್ನಡಿಗರಿಗೆಲ್ಲ ಗೊತ್ತು. ಗೊತ್ತಿಲ್ಲದವರು ಇಬ್ಬರೇ. ಒಬ್ಬಳು ನಾನು, ಇನ್ನೊಬ್ಬರು ನನ್ನ ಗಂಡ.

ಅವರಿಗೆ ಬರೆಯುವ ಚಟವೂ ಇಲ್ಲ, ಪುರುಸೊತ್ತೂ ಇಲ್ಲ. ಶಹಾಡಿನ ಒಂದು ಕಾರ್ಖಾನೆಯ ಕ್ಯಾಂಟೀನ್ ನೋಡಿಕೊಳ್ಳುತ್ತಾರೆ. ಮನೆಗೆ ಬಂದರೆ ಟಿವಿ, ಊಟ, ನಿದ್ದೆ. ಬರೆದವಳು ನಾನು. ಬೆಳಿಗ್ಗೆ ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ಗಾಡಿ ಬದಲಿಸಿ ವಾಶಿಯ ಆಫೀಸಿಗೆ ಹೋಗುವ ದಾರಿಯಲ್ಲಿ, ಕೂರಲು ಜಾಗ ಸಿಕ್ಕಿದರೆ ಕೂತು, ಸಿಗದಿದ್ದರೆ ಕಂಬಕ್ಕೆ ಒರಗಿ, ಒಂದೇ ಹೆಬ್ಬೆರಳಿನಲ್ಲಿ ಮೊಬೈಲಿನ ಮೇಲೆ ಬರೆದವಳು.

ಹೆಸರು ಅವರದು ಯಾಕೆ ಬಂತೆಂದರೆ, ನಮ್ಮ ಸಂಘದ ಸದಸ್ಯತ್ವ ಮನೆಗೊಂದು. ಮನೆ ಎಂದರೆ ಯಜಮಾನರು. ಗಣಪತಿ ಹಬ್ಬದ ಊಟದ ಕೂಪನ್ನಿನಿಂದ ಹಿಡಿದು ಸುತ್ತೋಲೆಯವರೆಗೆ ಎಲ್ಲವೂ ಅವರ ಹೆಸರಿಗೇ ಬರುತ್ತದೆ. ಸಂಘ ಇಂಟರ್‌ನೆಟ್ಟಿನಲ್ಲಿ ಫೋರಂ ತೆರೆದಾಗಲೂ ಅದೇ ಪದ್ಧತಿ. ಮನೆಗೊಂದು ಲಾಗಿನ್. ಫೋಟೊ ಕೂಡ ಸಂಘದವರೇ ಹಾಕಿದರು, ನನ್ನ ಗಂಡ ಯಾವುದೋ ಮದುವೆಯಲ್ಲಿ ಕೋಟು ತೊಟ್ಟು ನಿಂತದ್ದು. ಪಕ್ಕದಲ್ಲಿ ನಾನಿದ್ದೆ. ಕತ್ತರಿಸಿದ ಅಂಚಿನಲ್ಲಿ ನನ್ನ ಸೀರೆಯ ಜರಿ ಇನ್ನೂ ಸ್ವಲ್ಪ ಕಾಣುತ್ತದೆ.

"ನಂಗೆ ಅದೆಲ್ಲ ಆಗುದಿಲ್ಲ ಮಾರಾಯ್ತಿ, ನೀನೇ ನೋಡ್ಕೊ" ಎಂದು ಅವರು ಪಾಸ್‌ವರ್ಡ್ ನನ್ನ ಕೈಗೆ ಕೊಟ್ಟರು. ನಾನು ನೋಡಿಕೊಂಡೆ. ಚಿಕ್ಕಪುಟ್ಟದ್ದು ಬರೆಯುವಾಗ ಹೆಸರು ಯಾರದಾದರೇನು ಎನಿಸಿತ್ತು. ಆಮೇಲೆ ಅಮ್ಮನ ಬಗ್ಗೆ ಬರೆದೆ.

ನನ್ನ ಅಪ್ಪ ಕಲ್ಯಾಣ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಅಡುಗೆಗಿದ್ದರು. ಆ ಹೋಟೆಲಿನ ಸಾಂಬಾರು, ಚಟ್ನಿಗೆ ಊರೆಲ್ಲ ಸಾಲು ನಿಲ್ಲುತ್ತಿತ್ತು. ಅದರ ಖಾರ ಅರೆಯುತ್ತಿದ್ದವಳು ನನ್ನ ಅಮ್ಮ, ಚಾಳಿನ ನಮ್ಮ ಒಂದೇ ಕೋಣೆಯಲ್ಲಿ, ನೆನೆಸಿದ ಬ್ಯಾಡಗಿ ಮೆಣಸನ್ನು ಕಲ್ಲಿನ ಮೇಲೆ ಹಾಕಿಕೊಂಡು. ಡಬ್ಬದಲ್ಲಿ ಹೋಟೆಲಿಗೆ ಹೋಗುತ್ತಿತ್ತು. ಹೋಟೆಲಿನ ಬೋರ್ಡಿನಲ್ಲಿ ಧಣಿಗಳ ಹೆಸರು, ಬಾಯಿಮಾತಿನಲ್ಲಿ ಅಪ್ಪನ ಹೆಸರು. ಅಮ್ಮನಿಗೆ ಉಳಿದದ್ದು ಉರಿಯುವ ಅಂಗೈ. ತೆಂಗಿನೆಣ್ಣೆ ಸವರಿ, ಕೈ ಅಂಗಾತ ಚಾಚಿ ಮಲಗುತ್ತಿದ್ದಳು. ನನ್ನನ್ನು ಮುದ್ದಿಸುವಾಗ ಅಂಗೈ ತಾಗಿಸುತ್ತಿರಲಿಲ್ಲ. ಕೈಯ ಹಿಂಬದಿಯಿಂದ ಕೆನ್ನೆ ಸವರುತ್ತಿದ್ದಳು. ನನಗೆ ಉರಿಯಬಾರದಲ್ಲ.

ಇಷ್ಟನ್ನು ಬರೆದು ಹಾಕಿದೆ. ಸಂಜೆ ನೋಡಿದರೆ ಪ್ರತಿಕ್ರಿಯೆಗಳ ರಾಶಿ. "ಇಂಥ ತಾಯಿಯನ್ನು ಪಡೆದ ನೀವೇ ಧನ್ಯರು ಸರ್." "ಸರ್, ಅಮ್ಮ ಈಗಲೂ ನಿಮ್ಮ ಜೊತೆಗಿದ್ದಾರಲ್ಲ, ಅವರ ಪಾದಕ್ಕೆ ನನ್ನ ನಮಸ್ಕಾರ." ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಮೈ ಉರಿದುಹೋಯಿತು. ಕೋಟು ತೊಟ್ಟವರ ಫೋಟೊದ ಕೆಳಗೆ 'ನನ್ನ ಅಮ್ಮ' ಎಂದು ಬರೆದರೆ ಅದು ಅವರ ಅಮ್ಮ ತಾನೆ? ನನ್ನ ಅಮ್ಮ ತೀರಿಕೊಂಡು ವರ್ಷಗಳಾದವು. ನಮ್ಮ ಜೊತೆಗಿರುವವರು ಅತ್ತೆ. ಅತ್ತೆಯನ್ನು ದೂರಲಾರೆ, ಒಳ್ಳೆಯವರೇ. ಆದರೆ ಮಿಕ್ಸಿಯ ಗುಂಡಿ ತಿರುಗಿಸಿದ್ದಷ್ಟೇ ಅವರು ಜನ್ಮದಲ್ಲಿ ಅರೆದದ್ದು.

ತಿದ್ದೋಣವೆಂದು ಹೋದರೆ ಎಡಿಟ್ ಗುಂಡಿ ಮಾಯ. ಪೋಸ್ಟ್ ಹಾಕಿ ಸ್ವಲ್ಪ ಹೊತ್ತಿನ ಮೇಲೆ ಅದು ಮುಚ್ಚಿಹೋಗುತ್ತದಂತೆ. "ಮಮ್ಮಿ, ಸೆಟಿಂಗ್ಸ್ ಮೆ ಜಾ ನಾ, ಡಿಸ್‌ಪ್ಲೇ ನೇಮ್ ಬದಲ್ ದೇ" ಎಂದಳು ಮಗಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೇ. ಸೆಟಿಂಗ್ಸಿನಲ್ಲಿ ಹೆಸರು ಬದಲಿಸಬಹುದಂತೆ. ಹೋದೆ. ಹೆಸರಿನ ಪಕ್ಕದಲ್ಲಿ ಬೀಗದ ಚಿತ್ರ. ಪೋಸ್ಟಿನ ಕೆಳಗೇ ನಿಜ ಬರೆದೆ: ನಾನು ಇವರ ಹೆಂಡತಿ, ಇದು ನನ್ನ ಅಮ್ಮನ ಕತೆ. ಅದು 'ಅನುಮತಿಗಾಗಿ ಕಾಯುತ್ತಿದೆ' ಎಂದು ಬೂದು ಬಣ್ಣದಲ್ಲಿ ನಿಂತಿತು. ಕೊನೆಯವರೆಗೂ ಕಾಯುತ್ತಲೇ ಇತ್ತು. ಕೊನೆಗೆ ನನ್ನದೇ ಬರಹದ ಮೇಲೆ ನಾನೇ ರಿಪೋರ್ಟ್ ಒತ್ತಿದೆ. ಕಾರಣ ಕೇಳಿತು: ಅಶ್ಲೀಲವೇ, ಜಾಹೀರಾತೇ, ಇತರೆಯೇ? 'ಇತರೆ' ಆರಿಸಿ, 'ಬೇರೆಯವರ ಹೆಸರಿನಲ್ಲಿದೆ' ಎಂದು ಬರೆದೆ. ಉತ್ತರ ಬಂತು: "ದೂರನ್ನು ಪರಿಶೀಲಿಸಲಾಗಿದೆ. ನಿಯಮ ಉಲ್ಲಂಘನೆ ಕಂಡುಬಂದಿಲ್ಲ."

ಫೋರಂ ನೋಡಿಕೊಳ್ಳುವವರು ಧಾರವಾಡದ ಕಡೆಯವರು, ಸಂಘದ ಅಧ್ಯಕ್ಷರೂ ಅವರೇ. ಫೋನ್ ಮಾಡಿದೆ.

"ನೋಡ್ರಿ ವೈನಿ, ಮನಿಗೆ ಒಂದ ಹೆಸರು. ನಿಮಗ ಬದಲಿ ಮಾಡಿಕೊಟ್ರ ನಾಳೆ ಎಲ್ಲಾ ಹೆಣ್ಣಮಕ್ಕಳು ಕೇಳ್ತಾರ."

"ಕೇಳಲಿ. ಕೇಳಿದ್ರೆ ಎಂತ ಆಗ್ತದೆ?"

"ಅಲ್ರಿ, ಗಂಡ-ಹೆಂಡ್ತಿ ಅಂದಮ್ಯಾಲ ನಿಮ್ದು, ಅವರ್ದು ಅಂತ ಏನದ? ಈ ವರ್ಷ ಶ್ರೇಷ್ಠ ಬರಹ ಅಂತ ಅದನ್ನ ಆರಿಸೇವಿ. ವಾರ್ಷಿಕೋತ್ಸವದಾಗ ಸರ್‌ಗೂ, ಅವರ ತಾಯಿಯವರಿಗೂ ಸನ್ಮಾನ. ಖುಷಿ ಪಡ್ರಿ!"

ಖುಷಿ ಪಡಬೇಕಂತೆ! ಫೋನ್ ಇಟ್ಟು ಒಳಗೆ ಹೋದೆ. ಅತ್ತೆಗೆ ಸುದ್ದಿ ಆಗಲೇ ಮುಟ್ಟಿತ್ತು. ಯಾವ ಸೀರೆ ಉಡುವುದೆಂದು ಕೇಳಿದರು. "ಅದು ನನ್ನ ಅಮ್ಮನ ವಿಷಯ ಅಲ್ವಾ ಅತ್ತೆ" ಎಂದೆ. "ಗೊತ್ತುಂಟು. ಆದ್ರೆ ಕರೆದು ಕೊಡುವಾಗ ಬೇಡ ಅಂತ ಹೇಳ್ಲಿಕ್ಕೆ ಆಗ್ತದಾ?" ಎಂದರು.

ಮರುದಿನ ಗಾಡಿಯಲ್ಲಿ ಸೆಟಿಂಗ್ಸಿನ ಒಂದೊಂದು ಸಾಲನ್ನೂ ಒತ್ತುತ್ತಾ ಹೋದೆ. ಎಲ್ಲದಕ್ಕೂ ಬೀಗ. ಅಡಿಯಲ್ಲೆಲ್ಲೋ 'ಸಹಿ' ಎಂದಿತ್ತು. ಅದರಲ್ಲಿ ಬರೆದಿಟ್ಟ ಸಾಲು ನಮ್ಮ ಪ್ರತಿ ಪೋಸ್ಟಿನ ಬಾಲದಲ್ಲೂ ತಾನಾಗಿಯೇ ಕಾಣಿಸಿಕೊಳ್ಳುತ್ತದೆ. ಗಂಡಸರು ಅಲ್ಲಿ ಶುಭಾಶಯವನ್ನೋ ಅಂಗಡಿಯ ವಿಳಾಸವನ್ನೋ ಹಾಕಿಕೊಳ್ಳುತ್ತಿದ್ದರು. ಅದಕ್ಕೆ ಬೀಗ ಹಾಕಲು ಯಾರಿಗೂ ಹೊಳೆದಿರಲಿಲ್ಲ. ನಾನು ಬರೆದೆ: "ಇದನ್ನು ಬರೆದವಳು ಫೋಟೊದಲ್ಲಿರುವವರ ಹೆಂಡತಿ. ಇಲ್ಲಿರುವ ಅಮ್ಮ ನನ್ನ ಅಮ್ಮ."

ಹೊಸದಕ್ಕೆ ಮಾತ್ರವಲ್ಲ, ಹಿಂದೆ ಬರೆದ ಎಲ್ಲ ಪೋಸ್ಟುಗಳ ಕೆಳಗೂ ಆ ಸಾಲು ಬಂದು ಕೂತಿತು. ವಾಶಿ ಬರುವಷ್ಟರಲ್ಲಿ ಹಿಂದಿನ ಪುಟಗಳನ್ನೆಲ್ಲ ತೆರೆದು ನೋಡಿದೆ. ಗಾಡಿಯಲ್ಲಿ ಒಬ್ಬಳೇ ನಕ್ಕೆ.

ಆ ವಾರದಲ್ಲೇ ಬೇರೆ ಫೋಟೊಗಳ ಕೆಳಗೂ ಸಾಲುಗಳು ಎದ್ದವು. ಮೀಸೆಯವರೊಬ್ಬರು ಹಾಕಿದ, ಹಬೆಯಲ್ಲಿ ಬೇಯಿಸುವ ಹಲಸಿನ ಗಟ್ಟಿಯ ವಿಧಾನದ ಕೆಳಗೆ: "ಇವರಿಗೆ ಗ್ಯಾಸ್ ಹಚ್ಚಲಿಕ್ಕೂ ಬರುವುದಿಲ್ಲ, ಇದು ನನ್ನ ಬರಹ." ಠಾಣೆಯ ವಕೀಲರೊಬ್ಬರ ಪದ್ಯಗಳ ಕೆಳಗೆ: "ಬರೆದವಳು ಸೊಸೆ." ಹಾಗಾದರೆ ಆ ಫೋರಂನಲ್ಲಿ ಗಂಡಸರು ಬರೆದದ್ದು ಏನಾದರೂ ಇತ್ತೇ ಎಂದು ನನಗೆ ಅನುಮಾನ ಬಂತು. ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ಎಲ್ಲರ ಸಹಿಯೂ ಹೋಗಿತ್ತು. ಅಧ್ಯಕ್ಷರು ಆ ಸೌಲಭ್ಯವನ್ನೇ ಕಿತ್ತುಹಾಕಿದ್ದರು. ಫೋನ್ ಮಾಡಿದ್ದು ನನಗಲ್ಲ, ನನ್ನ ಗಂಡನಿಗೆ. ಮನೆಯವರಿಗೆ ಸ್ವಲ್ಪ ತಿಳಿಹೇಳಿ ಎಂದರಂತೆ.

"ನೀನು ಸುಮ್ಮನಿರು. ಸ್ಟೇಜಿನ ಮೇಲೆ ಮೈಕ್ ಕೊಡ್ತಾರಲ್ಲ, ನಾನೇ ಹೇಳ್ತೇನೆ" ಎಂದರು ನನ್ನ ಗಂಡ. ನಂಬಿದೆ. ಇಸ್ತ್ರಿ ಮಾಡಿದ ಸೀರೆ ಉಟ್ಟು ಸಭಾಂಗಣದ ಮುಂದಿನ ಸಾಲಿನಲ್ಲೇ ಕೂತೆ.

ನಿರೂಪಕಿ ನನ್ನ ಸಾಲುಗಳನ್ನು ಗದ್ಗದವಾಗಿ ಓದಿದಳು. ಶಾಲು ಬಂತು, ಹಾರ ಬಂತು. ಮೈಕ್ ನನ್ನ ಗಂಡನ ಕೈಗೆ ಬಂತು. ಅವರು ನನ್ನನ್ನು ನೋಡಿದರು, ಸಭೆಯನ್ನು ನೋಡಿದರು, "ಎಲ್ಲ ತಾಯಿಯ ಆಶೀರ್ವಾದ" ಎಂದು ಹೇಳಿ ಮೈಕ್ ಹಿಂದಕ್ಕೆ ಕೊಟ್ಟರು. ಅಧ್ಯಕ್ಷರು ಅತ್ತೆಯ ಎರಡೂ ಕೈ ಹಿಡಿದು ಮೇಲೆತ್ತಿ, "ಈ ಕೈಗಳನ್ನ ನೋಡ್ರಿ!" ಎಂದರು. ಸಭೆಯೇ ಎದ್ದು ಚಪ್ಪಾಳೆ ತಟ್ಟಿತು. ಬೆಳ್ಳಗೆ, ಮೆತ್ತಗಿದ್ದ ಅಂಗೈಗಳು. ಖಾರದ ಕಲೆ ಹೋಗಲಿ, ಒಂದು ಗೀರೂ ಇರಲಿಲ್ಲ. ಅಷ್ಟು ಜನರಲ್ಲಿ ಒಬ್ಬರಿಗೂ ಅದು ಕಾಣಲಿಲ್ಲ.

"ಅದು ನನ್ನ ಅಮ್ಮನ ಕೈ ಅಲ್ಲ" ಎಂದೆ. ಕೂಗಿದೆ ಎಂದೇ ಹೇಳಬೇಕು. ಚಪ್ಪಾಳೆ ನಿಂತಿತು.

ಅಧ್ಯಕ್ಷರು ನಗುತ್ತಲೇ ಮೈಕಿನಲ್ಲಿ ಹೇಳಿದರು, "ಮನಿ ವಿಷಯ ಮನ್ಯಾಗ ಮಾತಾಡ್ಕೋರಿ ವೈನಿ." ಸಭೆ ನಕ್ಕಿತು. ಮುಂದಿನ ಕಾರ್ಯಕ್ರಮ ಮಕ್ಕಳ ನೃತ್ಯ.

ಮನೆಗೆ ಹೋಗುವ ರಿಕ್ಷಾದಲ್ಲಿ ನನ್ನ ಗಂಡ ಹೇಳಿದರು, "ಇಷ್ಟು ಸಿಟ್ಟು ಎಂತಕ್ಕೆ? ಶಾಲು ನಮ್ಮ ಮನೆಗೇ ಬಂತಲ್ಲ." ನಾನು ಮೊಬೈಲ್ ತೆಗೆದೆ. ತಿದ್ದಲು ಬಿಡದವರು, ಹೆಸರು ಬದಲಿಸಲು ಬಿಡದವರು, ಅಳಿಸುವ ಗುಂಡಿಯನ್ನು ಮಾತ್ರ ಹಾಗೇ ಬಿಟ್ಟಿದ್ದರು. ಖಂಡಿತವೇ ಎಂದು ಕೇಳಿತು. ಅಳಿಸಿದರೆ ಕೆಳಗಿನ ಪ್ರತಿಕ್ರಿಯೆಗಳೂ ಹೋಗುತ್ತವೆ, ಮತ್ತೆ ಸಿಗುವುದಿಲ್ಲ ಎಂದಿತು. ಹೌದು ಒತ್ತಿದೆ.

ಮರುದಿನ ಅಧ್ಯಕ್ಷರು ಮೊದಲ ಸಲ ನನ್ನ ನಂಬರಿಗೇ ಫೋನ್ ಮಾಡಿದರು. "ವೈನಿ, ಸನ್ಮಾನ ಆದ ಬರಹಾನ ಅಳಿಸೋದಂದ್ರ ಏನ್ರಿ ಇದು?"

"ಪರಿಶೀಲಿಸಿದ್ದೇನೆ" ಎಂದೆ. "ನಿಯಮ ಉಲ್ಲಂಘನೆ ಕಂಡುಬಂದಿಲ್ಲ."

ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂದು ನನಗೇನೂ ಅವಸರವಿಲ್ಲ. ಶಾಲು ಅತ್ತೆಯ ಕಪಾಟಿನಲ್ಲಿದೆ. ಫೋರಂನಲ್ಲಿ ನನ್ನ ಗಂಡ ಈಗ ಏನೂ ಬರೆಯುವುದಿಲ್ಲ, ಯಾಕೆಂದು ಜನ ಕೇಳುತ್ತಿದ್ದಾರಂತೆ. ಅಳಿಸಿದ ಆ ಬರಹವನ್ನು ನಾನು ಇಲ್ಲಿ, ಯಾರ ಫೋಟೊವೂ ಇಲ್ಲದ ಈ ಪುಟದಲ್ಲಿ, ಮತ್ತೆ ಬರೆದಿದ್ದೇನೆ. ಕಲ್ಯಾಣದ ಚಾಳಿನಲ್ಲಿ ಖಾರ ಅರೆಯುತ್ತಿದ್ದ ಆ ಹೆಂಗಸಿಗೆ ಇದ್ದದ್ದು ಒಂದೇ ಮಗು, ಹೆಣ್ಣು. ಅಂಗೈ ಉರಿಯುತ್ತದೆಂದು ಕೈಯ ಹಿಂಬದಿಯಿಂದ ಅವಳು ಸವರುತ್ತಿದ್ದ ಕೆನ್ನೆ ನನ್ನದು.